ತಾರಸಿಯ ಮೇಲಿನ ಕುಂಟೆ

ನಮ್ಮ ಮನೆಯ ತಾರಸಿಯ ಮೇಲೆ ನಾನು ಒಂಬತ್ತು ವರ್ಷ ಪಾಚಿ ಬೆಳೆಸಿದ್ದೇನೆ. ಅಕ್ಕಪಕ್ಕದ ತಾರಸಿಗಳಲ್ಲಿ ಗುಲಾಬಿ, ದಾಸವಾಳ, ಕರಿಬೇವು. ನನ್ನದರಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಎರಡು ತೊಟ್ಟಿ, ಅವುಗಳಲ್ಲಿ ಮಳೆನೀರು, ನೀರಿನಲ್ಲಿ ತೇಲುವ ಹಸಿರು ಜಡೆ. ಕೆಳಗೆ ಬಾಡಿಗೆಗೆ ಬಂದವರು ಮೊದಲ ಸಲ ನೋಡಿ, ತೊಳೆಯುವುದನ್ನು ಮರೆತಿದ್ದಾರೆ ಅಂದುಕೊಂಡು ಒಂದು ತೊಟ್ಟಿಯನ್ನು ಉರುಳಿಸಲು ಹೋಗಿದ್ದರು. ಆವತ್ತು ನಾನು ಕೂಗಾಡಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತಂತೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಬರಬೇಕಾದ ಕಡೆ ಮಾತ್ರ ಬರುವುದಿಲ್ಲ.

ಅದು ಪಾಚಿಯಲ್ಲ ಎಂದು ನನಗೂ ತಡವಾಗಿಯೇ ಗೊತ್ತಾಯಿತು. ಇಂಗ್ಲಿಷಿನಲ್ಲಿ ಬ್ಲಾಡರ್‌ವರ್ಟ್ ಅನ್ನುತ್ತಾರೆ. ಬೇರಿಲ್ಲದ ಗಿಡ. ಕೂದಲೆಳೆಯಂಥ ಎಲೆಗಳ ನಡುವೆ ರಾಗಿಕಾಳಿನಷ್ಟು ಸಣ್ಣ ಸಣ್ಣ ಚೀಲಗಳಿರುತ್ತವೆ, ಪ್ರತಿ ಚೀಲಕ್ಕೂ ಒಂದು ಬಾಗಿಲು. ನೀರಿನ ಹುಳವೊಂದು ಬಾಗಿಲ ಮುಂದಿನ ಕೂದಲನ್ನು ಮುಟ್ಟಿದರೆ ಸಾಕು, ಬಾಗಿಲು ಒಳಕ್ಕೆ ಬಾಗಿ ನೀರಿನ ಜೊತೆ ಹುಳವನ್ನೂ ಎಳೆದುಕೊಂಡು ಮುಚ್ಚಿಹೋಗುತ್ತದೆ. ಆಮೇಲೆ ಗಿಡ ಅದನ್ನು ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ಹುಳ ತಿಂದ ಚೀಲ ಕಪ್ಪಾಗುತ್ತದೆ. ಮಾಂಸ ತಿನ್ನುವ ಗಿಡವನ್ನು ಮನೆಯಲ್ಲಿಟ್ಟುಕೊಂಡಿದ್ದೇವೆ ಎಂದು ತಿಳಿದ ದಿನ ನನ್ನ ಹೆಂಡತಿ, ಸದ್ಯ ಶನಿವಾರವಾದರೂ ಬಿಡುತ್ತದೋ ಇಲ್ಲವೋ ಎಂದು ಕೇಳಿದ್ದಳು.

ಅದನ್ನು ತಂದದ್ದು ಚೆಂದಕ್ಕಲ್ಲ. ಅಪ್ಪನಿಗೆ ನಾನು ಒಂದು ಮಾತು ಹೇಳಬೇಕಾಗಿತ್ತು. ಅದನ್ನು ಹೇಳುವ ಧೈರ್ಯವಿಲ್ಲದೆ ಗಿಡ ಬೆಳೆಸಿದೆ.

ನಮ್ಮ ಊರು ಹುಣಸಮಾರನಹಳ್ಳಿಯಿಂದ ಸ್ವಲ್ಪ ಒಳಗೆ. ಈಗ ಅದನ್ನು ಊರು ಅನ್ನುವವರು ನಾವು ಕೆಲವರೇ. ಅಪ್ಪ ಅಲ್ಲಿನ ನೀರುಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನೋಡಿ ಬಿಡುವ ಕೆಲಸ. ತಾತನೂ ಅದನ್ನೇ ಮಾಡಿದವನು. ಊರಿನ ಮೇಲುಗಡೆ ಒಂದು ಕುಂಟೆ ಇತ್ತು. ಕೆರೆ ಅನ್ನುವಷ್ಟು ದೊಡ್ಡದಲ್ಲ. ಗದ್ದೆಗಳು ಹೋಗಿ ದ್ರಾಕ್ಷಿ ತೋಟಗಳಾದವು, ತೋಟಗಳು ಹೋಗಿ ಸೈಟುಗಳಾದವು. ನೀರು ಬಿಡಲು ಗದ್ದೆಯೇ ಇಲ್ಲದ ಮೇಲೂ ಅಪ್ಪ ದಿನಾ ಬೆಳಿಗ್ಗೆ ಗುದ್ದಲಿ ಹೆಗಲಿಗಿಟ್ಟು ಕಟ್ಟೆಯ ಮೇಲೆ ಒಂದು ಸುತ್ತು ಹೋಗಿ ಬರುತ್ತಿದ್ದ. ಇಲಿ ಬಿಲ ತೋಡಿದ್ದರೆ ಮುಚ್ಚುತ್ತಿದ್ದ. ಕುಂಟೆ ತುಂಬಿ ಕೋಡಿ ಬಿದ್ದ ವರ್ಷ ಮನೆಯಲ್ಲಿ ಹೋಳಿಗೆ.

ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ನನಗೆ ಅದೊಂದೇ ಬರುತ್ತಿತ್ತು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಮೇಷ್ಟ್ರು ಹೇಳಿದ್ದನ್ನೇ ನಂಬಿ, ಪಿಯುಸಿ ಫೇಲಾದ ಮೇಲೆ ಒಂದು ಸರ್ಕಾರಿ ಕಚೇರಿಯ ಮುಂದೆ ಅರ್ಜಿ ಬರೆಯಲು ಕುಳಿತೆ. ಯಾವ ಕಚೇರಿ ಎಂದು ಹೇಳುವುದು ಬೇಡ. ಹೊಂಗೆ ಮರದ ಪಕ್ಕದಲ್ಲಿ ಒಂದು ಮಡಚುವ ಮೇಜು, ಒಂದು ಛತ್ರಿ. ಮಧ್ಯಾಹ್ನ ಮರದ ನೆರಳು ಆಚೆ ಸರಿದರೆ ಬಿಸಿಲೆಲ್ಲ ನನ್ನ ತಲೆ ಮೇಲೆ. ಖಾತೆ, ಪಹಣಿ, ಪೆನ್ಷನ್ನು, ಏನು ಬೇಕಾದರೂ ಬರೆಯುತ್ತಿದ್ದೆ. ಬಂದವರು ಹೇಳಿದ್ದನ್ನು ಬರೆಯುವುದು, ಬರೆದದ್ದನ್ನು ಓದಿ ಹೇಳುವುದು, ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಓದು ಬಾರದವರು ಓದುವವನ ಬಾಯನ್ನು ಹೇಗೆ ನೋಡುತ್ತಾರೆ ಎಂಬುದನ್ನು ನಾನು ಬಲ್ಲೆ. ಪೂಜಾರಿ ಮಂಗಳಾರತಿ ತರುವಾಗಲೂ ಜನ ಅಷ್ಟು ಭಕ್ತಿಯಿಂದ ನೋಡುವುದಿಲ್ಲ.

ಹೊಸ ವಿಮಾನ ನಿಲ್ದಾಣ ಶುರುವಾದ ಮರುವರ್ಷದ ಬೇಸಿಗೆಯಲ್ಲಿ ಕಚೇರಿಯ ಸಾಹೇಬರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ನಮ್ಮ ಊರಿಗೇ ಹೊರಟರು. ಕುಂಟೆಯ ಸ್ಥಳ ಮಹಜರು ಆಗಬೇಕಿತ್ತು. ಮಹಜರು ಅಂದರೆ ಜಾಗಕ್ಕೆ ಹೋಗಿ, ಊರಿನ ಐದು ಜನ ಪಂಚರ ಮುಂದೆ ಕಂಡದ್ದನ್ನು ಬರೆದು, ಅವರಿಗೆ ಓದಿ ಹೇಳಿ, ಸಹಿ ತೆಗೆದುಕೊಳ್ಳುವುದು. ಬರೆಯಬೇಕಾಗಿದ್ದ ಗುಮಾಸ್ತರು ರಜೆಯಲ್ಲಿದ್ದರು. ನನ್ನ ಅಕ್ಷರ ಚೆನ್ನಾಗಿತ್ತು.

ಕುಂಟೆಯಲ್ಲಿ ನೀರಿತ್ತು. ಮಾರ್ಚ್ ಕಳೆದಿದ್ದರೂ ತೂಬಿನ ಕಡೆಯ ಮೂಲೆಯಲ್ಲಿ ಮೊಣಕಾಲುದ್ದ ನಿಂತಿತ್ತು. ನೀರಿನ ಮೇಲೆ ಅಲ್ಲಲ್ಲಿ ಕಡ್ಡಿಯಂಥ ಕಾಂಡಗಳು, ಅವುಗಳ ತುದಿಯಲ್ಲಿ ಹಳದಿ ಹೂವು. ಸಾಹೇಬರು ಕಟ್ಟೆಯ ಮೇಲೆ ಕರ್ಚೀಫು ಹಾಸಿ ಕೂತು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಸದರಿ ಜಾಗದಲ್ಲಿ ಹಲವು ವರ್ಷಗಳಿಂದ ನೀರು ನಿಂತ ಕುರುಹು ಇರುವುದಿಲ್ಲ. ಜಲಸಸ್ಯಗಳು ಕಂಡುಬರುವುದಿಲ್ಲ. ತೂಬು ನಿರುಪಯುಕ್ತವಾಗಿರುತ್ತದೆ. ಎಡಗೈಯಲ್ಲಿ ಹಾಳೆ ಹಾರದಂತೆ ಒತ್ತಿ ಹಿಡಿದು, ಎದುರಿಗೆ ನೀರನ್ನು ನೋಡುತ್ತಲೇ ನೀರಿಲ್ಲ ಎಂದು ದುಂಡಗೆ ಬರೆದೆ. ಹೇಳಿದ್ದನ್ನು ಬರೆಯುವುದೇ ನನ್ನ ಕಸುಬು ಎಂದು ಮನಸ್ಸಿಗೆ ಹೇಳಿಕೊಂಡೆ. ಕಸುಬು ಅಂದರೆ ಮನಸ್ಸು ಬೇಗ ಒಪ್ಪುತ್ತದೆ.

ನಾಲ್ಕು ಜನ ಪಂಚರು ಊರಿನ ದೊಡ್ಡ ಮನೆಗಳವರು. ಅವರಿಗೆ ಓದಿ ಹೇಳುವ ಅಗತ್ಯವೇ ಇರಲಿಲ್ಲ. ಸಹಿ ಹಾಕಿ ಜೀಪಿನ ಹತ್ತಿರ ತಣ್ಣನೆಯ ಜ್ಯೂಸು ಕುಡಿಯಲು ಹೋದರು. ಐದನೆಯವನು ಅಪ್ಪ. ನೀರುಗಂಟಿಯ ಹೆಬ್ಬೆಟ್ಟು ಇದ್ದರೆ ಕಾಗದಕ್ಕೆ ತೂಕ ಎಂದು ಅವನನ್ನು ಕರೆಸಿದ್ದರು. ಅಪ್ಪ ಪಂಚೆಗೆ ಕೈ ಒರೆಸಿಕೊಂಡು ನನ್ನೆದುರು ಕುಕ್ಕರಗಾಲಲ್ಲಿ ಕೂತ.

"ಏನ್ ಬರ್ದಿದ್ದೀಯಪ್ಪ, ಓದೇಳು," ಅಂದ.

ನಾನು ಓದಿದೆ. ಕುಂಟೆಯಲ್ಲಿ ಮೊಣಕಾಲುದ್ದ ನೀರು ನಿಂತಿದೆ. ನೀರಿನಲ್ಲಿ ಹಳದಿ ಹೂವಿನ ಪಾಚಿ ಇದೆ. ತೂಬು ಗಟ್ಟಿಮುಟ್ಟಾಗಿದೆ. ಕಾಗದದಲ್ಲಿ ಇದ್ದದ್ದು ಒಂದು, ಬಾಯಲ್ಲಿ ಬಂದದ್ದು ಇನ್ನೊಂದು. ಎಲ್ಲೂ ತಡವರಿಸಲಿಲ್ಲ. ಕಾಗದದಲ್ಲಿದ್ದದ್ದನ್ನೇ ಓದಿದ್ದರೆ ಅಪ್ಪ ಎದ್ದು ಹೋಗುತ್ತಿದ್ದ, ಸಾಹೇಬರ ಮುಂದೆ ನನ್ನ ಮಾನ ಹೋಗುತ್ತಿತ್ತು. ಅಷ್ಟೇ ನನಗೆ ಹೊಳೆದದ್ದು. ಅಪ್ಪ ತಲೆದೂಗಿ, ಶಾಯಿಯಲ್ಲಿ ಹೆಬ್ಬೆರಳು ಅದ್ದಿ ಒತ್ತಿದ. ಅದರ ಮೇಲೆ "ಓದಿ ಹೇಳಿದ್ದನ್ನು ಕೇಳಿ ಸರಿಯಿದೆ ಎಂದು ಒಪ್ಪಿರುತ್ತೇನೆ" ಎಂದು ನನ್ನ ಕೈಯಲ್ಲೇ ಬರೆದಿತ್ತು. ಸಾಹೇಬರು ಎರಡು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಚೆನ್ನಾಗಿ ಓದ್ತೀಯ ಕಣಯ್ಯ," ಅಂದರು. ಮುಂದಿನ ವಾರ ನನ್ನ ಮೇಜು ಹೊಂಗೆ ಮರದಡಿಯಿಂದ ಕಚೇರಿಯ ವರಾಂಡಕ್ಕೆ ಬಂತು. ತಲೆ ಮೇಲೆ ಫ್ಯಾನು.

ಮಹಜರು ಆದ ಮರುದಿನವೇ ನಾನೊಬ್ಬನೇ ಕುಂಟೆಗೆ ಹೋಗಿ ಒಂದು ಬಕೆಟ್ಟು ತುಂಬ ಆ ಹಳದಿ ಹೂವಿನ ಪಾಚಿಯನ್ನು ಎತ್ತಿಕೊಂಡು ಬಂದೆ. ಯಾಕೆಂದು ಕೇಳಿದರೆ ಇವತ್ತಿಗೂ ಸರಿಯಾದ ಉತ್ತರವಿಲ್ಲ. ಇಲ್ಲ ಎಂದು ನಾನೇ ಬರೆದದ್ದನ್ನು ಇದೆ ಎಂದು ಎಲ್ಲಾದರೂ ಇಟ್ಟುಕೊಳ್ಳಬೇಕಾಗಿತ್ತು.

ನೀರಿನ ಗಿಡ, ಬಿಸಿಲಿಗೆ ಬೆಂದು ಹೋಗುತ್ತದೆ ಅಂದುಕೊಂಡು ತಾರಸಿಯ ನೀರಿನ ಟ್ಯಾಂಕಿನ ಕೆಳಗಿನ ನೆರಳಿನಲ್ಲಿ ತೊಟ್ಟಿ ಇಟ್ಟೆ. ಬೋರ್‌ವೆಲ್ ನೀರು ತುಂಬಿದೆ. ಎರಡೇ ವಾರದಲ್ಲಿ ಎಲೆಗಳು ಬಿಳಿಚಿಕೊಂಡು ಉದ್ದುದ್ದ ಎಳೆದುಕೊಂಡವು. ಚೀಲಗಳು ಉದುರಿ ತಳ ಸೇರಿದವು. ನೀರು ಕೊಳೆತ ವಾಸನೆ ಹೊಡೆಯಿತು. ಆ ಹೊತ್ತಿಗೆ ಕುಂಟೆಗೆ ಮಣ್ಣು ತುಂಬಿಸಲು ಲಾರಿಗಳು ಬಂದಿದ್ದವು. ಗುದ್ದಲಿ ಹಿಡಿದು ಹೋಗಲು ಕಟ್ಟೆಯೇ ಇಲ್ಲದೆ ಅಪ್ಪ ಮನೆಯಲ್ಲೇ ಕೂತಿದ್ದ. ಮೂರು ದಿನ ಊಟ ಬಿಟ್ಟಿದ್ದ. ನಾಲ್ಕನೇ ದಿನ ಹೊತ್ತು ಹೋಗದೆ ತಾರಸಿಗೆ ಬಂದವನು ಟ್ಯಾಂಕಿನ ಕೆಳಗೆ ಬಗ್ಗಿ ನೋಡಿದ. ತೊಟ್ಟಿಯಲ್ಲಿದ್ದ ಗಿಡವನ್ನು ಗುರುತಿಸಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಕುಂಟೆಗ್ಯಾರ್ಲಾ ಚಪ್ರ ಆಕಿದ್ರು?" ಎಂದು ಬೈದು, ತೊಟ್ಟಿಯನ್ನು ಎಳೆದು ತಾರಸಿಯ ನಟ್ಟನಡುವೆ ಸುಡುವ ಬಿಸಿಲಿಗೆ ತಂದಿಟ್ಟ.

ಅಲ್ಲಿಂದ ಆ ಗಿಡ ಅವನದಾಯಿತು. ಬೋರ್‌ವೆಲ್ ನೀರನ್ನು ನಾಲಿಗೆಗೆ ಹಚ್ಚಿ ನೋಡಿ ಉಗಿದ. ಈ ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ, ಇದು ಬದುಕುತ್ತದಾ ಅಂದ. ತಾರಸಿಯ ಮಳೆನೀರು ಇಳಿಯುವ ಪೈಪಿಗೆ ಡ್ರಮ್ಮು ಕೂರಿಸಿದೆವು. ಆಮೇಲೆ ಆ ತೊಟ್ಟಿಗಳಿಗೆ ಮಳೆನೀರು ಬಿಟ್ಟು ಬೇರೆ ಹನಿ ಬಿದ್ದಿಲ್ಲ. ಬಿದ್ದದ್ದು ಒಂದೇ ಸಲ. ನನ್ನ ಹೆಂಡತಿ, ಪಾಪ, ಎಲ್ಲ ಗಿಡಕ್ಕೂ ಹಾಕುವ ಹಾಗೆ ಇದಕ್ಕೂ ಒಂದು ತಿಂಗಳು ಅಕ್ಕಿ ತೊಳೆದ ನೀರು ಹಾಕಿದಳು. ಚೆನ್ನಾಗಿ ಬರಲಿ ಎಂದೇ ಹಾಕಿದ್ದು. ನೀರು ಹಸಿರಾಯಿತು, ಎಳೆ ಎಳೆಯಾದ ನಿಜವಾದ ಪಾಚಿ ಹುಟ್ಟಿ ಗಿಡದ ಕತ್ತು ಹಿಸುಕಿತು. ನಾನು ರೇಗಿದೆ. ಅವಳು ಬಿಡಲಿಲ್ಲ. "ಊಟ ಹಾಕಿದ್ರೆ ಸಾಯೋ ಗಿಡ ಪ್ರಪಂಚದಲ್ಲಿ ಇದೊಂದೇ ಇರ್ಬೇಕು ಕಣ್ರೀ," ಅಂದಳು.

ಅವಳ ಮಾತು ಸರಿಯಾಗಿಯೇ ಇತ್ತು. ನೀರು ಬಡವಾಗಿರಬೇಕು, ಬಿಸಿಲು ಧಾರಾಳವಾಗಿರಬೇಕು. ಗೊಬ್ಬರ ಕೂಡದು, ಸಾರ ಕೂಡದು. ಬೇಕಾದ್ದನ್ನು ಅದು ತಾನೇ ಹಿಡಿದು ತಿನ್ನುತ್ತದೆ. ಅಪ್ಪ ಒಣಗಿದ ಜೊಂಡಿನ ಎಲೆಗಳನ್ನು ಎಲ್ಲಿಂದಲೋ ತಂದು ತಳಕ್ಕೆ ಹಾಕಿದ. ನೀರು ತಿಳಿ ಟೀ ಬಣ್ಣಕ್ಕೆ ತಿರುಗಿತು, ಎಳೆಪಾಚಿ ಕಡಿಮೆಯಾಯಿತು. ಉಳಿದದ್ದನ್ನು ಅವನು ಬೆರಳಿಗೆ ಸುತ್ತಿ ಸುತ್ತಿ ತೆಗೆಯುತ್ತಿದ್ದ. ತೊಟ್ಟಿಯ ಅಂಚಿನಲ್ಲಿ ಒಂದು ಕಡೆ ಗರಗಸದಿಂದ ಎರಡು ಬೆರಳಷ್ಟು ಕೊಯ್ದು ಕೋಡಿ ಮಾಡಿದ. ಜೋರು ಮಳೆಗೆ ತೊಟ್ಟಿ ತುಂಬಿ ಆ ಕಚ್ಚಿನಿಂದ ನೀರು ಹರಿದಾಗ, ಇನ್ನೊಬ್ಬರು ನೋಡಿದರೆ ನಕ್ಕಾರೆಂಬ ನಾಚಿಕೆಯಿಲ್ಲದೆ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದ. ನೀರಿಗೆ ಮಾತ್ರ ಏನೂ ಬೀಳದ ಹಾಗೆ ನೋಡಿಕೊಂಡ. ಶ್ರಾವಣದ ಹೊತ್ತಿಗೆ ಮೊದಲ ಹಳದಿ ಹೂವು ಬಂತು. ನನಗೆ ಸಂತೋಷವಾಗಬೇಕಿತ್ತು. ಹೆದರಿಕೆಯಾಯಿತು.

ನಮ್ಮ ಕಡೆ ಮಟಮಟ ಮಧ್ಯಾಹ್ನ ನೀರಿನ ಹತ್ತಿರ ಒಬ್ಬರೇ ಹೋಗಬಾರದು ಅನ್ನುತ್ತಾರೆ. ದೆವ್ವಗಳಿಗೆ ರಾತ್ರಿಯಷ್ಟೇ ಆ ಹೊತ್ತೂ ಇಷ್ಟವಂತೆ. ನಾನು ನಗುತ್ತಿದ್ದೆ. ಆದರೆ ಭಾನುವಾರಗಳ ಮಧ್ಯಾಹ್ನ ತೊಟ್ಟಿಯ ಮೇಲೆ ಬಗ್ಗಿ ಕೂತಾಗ, ತಲೆಯ ಮೇಲೆ ಸೂರ್ಯ, ಕೆಳಗೆ ನನ್ನದೇ ಮುಖದ ನೆರಳು, ಸುತ್ತ ಒಂದು ಕಾಗೆಯ ಸದ್ದೂ ಇಲ್ಲದಿರುವಾಗ, ಒಂದು ದನಿ ಸ್ಪಷ್ಟವಾಗಿ ಓದುತ್ತಿತ್ತು. ಕುಂಟೆಯಲ್ಲಿ ಮೊಣಕಾಲುದ್ದ ನೀರು ನಿಂತಿದೆ. ಅದು ನನ್ನದೇ ದನಿ. ಎಷ್ಟು ಚೆನ್ನಾಗಿ ಓದುತ್ತಿತ್ತು ಅಂದರೆ ಎದ್ದು ಹೋಗಿ ಮೆಟ್ಟಿಲ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕಚೇರಿಯಲ್ಲೂ ಶುರುವಾಯಿತು. ಯಾರಾದರೂ ಮುದುಕಿಗೆ ಅರ್ಜಿ ಓದಿ ಹೇಳುವಾಗ ನಾಲಿಗೆ ತೊಡರುತ್ತಿತ್ತು. ಇರುವುದನ್ನೇ ಓದುತ್ತಿದ್ದೇನಾ ಎಂದು ಬೆರಳಿಟ್ಟು ಎರಡೆರಡು ಸಲ ನೋಡುತ್ತಿದ್ದೆ.

ಊರಿನಲ್ಲಿ ಅಪ್ಪನ ಗತಿ ಬೇರೆಯಾಗಿತ್ತು. ಕುಂಟೆ ಮುಚ್ಚಿ ಬೇಲಿ ಬಿದ್ದ ಮೇಲೆ, ಮಹಜರಿಗೆ ಹೆಬ್ಬೆಟ್ಟು ಒತ್ತಿದವನು ನೀರುಗಂಟಿಯೇ ಎಂದು ಹೊರಬಿತ್ತು. ಸಹಿ ಹಾಕಿದ್ದ ದೊಡ್ಡ ಮನೆಗಳವರನ್ನು ಯಾರೂ ಏನೂ ಅನ್ನಲಿಲ್ಲ. ಟೀ ಅಂಗಡಿಯ ಮುಂದೆ ಅಪ್ಪನನ್ನು ಕಂಡರೆ, "ಬಂದ ನೋಡ್ರಪ್ಪ, ಒಂದೇ ಎಬ್ಬೆಟ್ಟಲ್ಲಿ ಕುಂಟೆ ಕುಡ್ದೋನು," ಅನ್ನುತ್ತಿದ್ದರು. ಅಪ್ಪ ಮೊದಮೊದಲು ಜಗಳಕ್ಕೆ ನಿಂತ. ನೀರಿದೆ ಎಂದೇ ಓದಿದರು, ನನ್ನ ಮಗನೇ ಓದಿದ, ಬೇಕಾದರೆ ಕೇಳಿ ಅಂದ. ಅವರು ನನ್ನನ್ನು ಕೇಳಲಿಲ್ಲ. ಕಾಗದದ ನಕಲು ಅವರ ಹತ್ತಿರವೇ ಇತ್ತು, ಅದರಲ್ಲಿ ನೀರಿಲ್ಲ ಎಂದು ಅಚ್ಚುಕಟ್ಟಾಗಿ ಬರೆದಿತ್ತು.

ಅಪ್ಪ ನನ್ನನ್ನು ಕೇಳಿದ್ದು ತಾರಸಿಯ ಮೇಲೆ, ತೊಟ್ಟಿಯ ಹತ್ತಿರ. ಬೈಯುವ ದನಿಯಲ್ಲಲ್ಲ. ದಾರಿ ತಪ್ಪಿದವನು ದಾರಿ ಕೇಳುವ ಹಾಗೆ, ಆವತ್ತು ನೀನು ಓದಿದ್ದು ಏನಪ್ಪ, ಸರಿಯಾಗಿ ನೆನಪು ಮಾಡಿಕೊಂಡು ಹೇಳು ಅಂದ. ಹೇಳಬೇಕಾದ ಹೊತ್ತು ಅದೇ ಆಗಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ತಗ್ಗಿನಲ್ಲಿ ಕಿವಿ ಗಡಚಿಕ್ಕುವ ಹಾಗೆ ಹೋಯಿತು. ನಮ್ಮ ಊರಿಗೆ ಆಗ ಅದು ಹೊಸದಾಗಿ ಅಂಟಿದ್ದ ಕಾಟ.

"ಆವತ್ತೂ ಹಿಂಗೇ ವಿಮಾನ ಹೋಯ್ತಲ್ಲಪ್ಪ. ನಿಂಗೆ ಸರಿಯಾಗಿ ಕೇಳಿಸಿರಲ್ಲ," ಅಂದೆ.

ಆವತ್ತು ಯಾವ ವಿಮಾನವೂ ಹೋಗಿರಲಿಲ್ಲ. ಕುಂಟೆಯ ಮೇಲೆ ಎರಡು ಕೊಕ್ಕರೆ ಹಾರಿದ್ದವು, ಅಷ್ಟೇ.

ಅಂದಿನಿಂದ ಅಪ್ಪ ತನ್ನ ಕಿವಿಯನ್ನು ಅನುಮಾನಿಸತೊಡಗಿದ. ನನ್ನ ಹೆಂಡತಿ ಊಟಕ್ಕೆ ಕರೆದರೆ, ಊಟಕ್ಕೇ ಕರೆದೆಯಾ ತಾಯಿ ಎಂದು ಮತ್ತೆ ಕೇಳುವನು. ಹಾಲಿನವನು ಹೇಳಿದ್ದನ್ನು ನನ್ನ ಹತ್ತಿರ ಖಾತ್ರಿ ಮಾಡಿಕೊಳ್ಳುವನು. ಹೀಗೇ ನಾಲ್ಕು ವರ್ಷ ಕಳೆಯಿತು. ಕೊನೆಗೆ ತಾನಾಗಿಯೇ, ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಹಠ ಹಿಡಿದ. ಆರ್.ಟಿ. ನಗರದ ಒಂದು ಸಣ್ಣ ಕ್ಲಿನಿಕ್ಕಿಗೆ ಹೋದೆವು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಕೈ ಎತ್ತಲು ಹೇಳಿದರು. ಅಪ್ಪ ತರಗತಿಯಲ್ಲಿ ಉತ್ತರ ಗೊತ್ತಿರುವ ಮಗುವಿನ ಹಾಗೆ ಮತ್ತೆ ಮತ್ತೆ ಕೈ ಎತ್ತಿದ. ಡಾಕ್ಟರು ರಿಪೋರ್ಟು ಕೊಟ್ಟು ಇಂಗ್ಲಿಷಿನಲ್ಲಿ, ಈ ವಯಸ್ಸಿಗೆ ಇಷ್ಟು ಒಳ್ಳೆಯ ಕಿವಿ ಅಪರೂಪ, ಏನೂ ಮಾಡಬೇಕಾಗಿಲ್ಲ ಅಂದರು.

ಹೆಬ್ಬಾಳದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆವು. ಅಪ್ಪ ಆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿ, ವಾಪಸ್ಸು ಕೊಟ್ಟು, ಓದೇಳು ಅಂದ. ಮುಖದಲ್ಲಿ ಎಂಥ ಆಸೆಯಿತ್ತೆಂದರೆ, ಕಿವಿ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಸಾಕು ಎಂಬಂತಿತ್ತು. ಕಿವಿ ಕೆಟ್ಟಿದ್ದರೆ ಯಾರೂ ಅವನಿಗೆ ಮೋಸ ಮಾಡಿಲ್ಲ. ಕಿವಿ ಸರಿಯಿದ್ದರೆ, ಮೋಸ ಮಾಡಿದವನು ಪಕ್ಕದಲ್ಲೇ ಬಸ್ಸಿಗೆ ನಿಂತಿದ್ದ. ನಾನು ಎರಡನೆಯ ಸಲ ಸುಳ್ಳು ಓದಿದೆ. ಕೇಳಿಸುವುದು ಸ್ವಲ್ಪ ಕಡಿಮೆಯಾಗಿದೆ, ಕೆಲವು ವರ್ಷಗಳಿಂದ ಹೀಗಿದೆ, ಮಿಷನ್ನು ಬೇಡ.

ಅಪ್ಪ ದೊಡ್ಡದೊಂದು ಉಸಿರು ಬಿಟ್ಟ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಿದ್ದೆ ಮಾಡಿದ. ಮರುದಿನ ಟೀ ಅಂಗಡಿಗೆ ಹೋಗಿ ಎಲ್ಲರ ಮುಂದೆ, ತಪ್ಪು ನನ್ನದೇ, ನನಗೇ ಸರಿಯಾಗಿ ಕೇಳಿಸಿರಲಿಲ್ಲ, ಹುಡುಗ ಸರಿಯಾಗಿಯೇ ಓದಿದ್ದ ಎಂದು ಕೈ ಮುಗಿದನಂತೆ. ಆಡಿಕೊಳ್ಳುವುದು ನಿಂತಿತು. ಜನ ಅವನನ್ನು ಕಂಡರೆ ಕನಿಕರದಿಂದ ಕಿವಿಯ ಹತ್ತಿರ ಬಾಯಿ ತಂದು ಜೋರಾಗಿ ಮಾತಾಡತೊಡಗಿದರು. ಹಾಲಿನವನು ಕೂಗಿದ, ಹೆಂಡತಿ ಕೂಗಿದಳು. ಮನೆಯಲ್ಲಿ ಒಬ್ಬನೇ ಮೆಲ್ಲಗೆ ಮಾತಾಡಿದರೆ ಚೆನ್ನಾಗಿರುವುದಿಲ್ಲವಲ್ಲ, ನಾನೂ ಕೂಗಿದೆ. ಒಂದೊಂದು ಸಲ ಅಪ್ಪ ಮುಖ ಕಿವುಚುತ್ತಿದ್ದ. ನೋವಾಗುತ್ತಿತ್ತೋ ಏನೋ.

ಆ ವರ್ಷಗಳಲ್ಲಿ ತೊಟ್ಟಿ ಎರಡಾಯಿತು. ಒಂದು ತುಂಡನ್ನು ಮುರಿದು ಬಿಟ್ಟರೆ ಅದೇ ಇನ್ನೊಂದು ಗಿಡವಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಡ್ರಮ್ಮಿನ ಮಳೆನೀರು ತಳ ಕಂಡಾಗ ಅಪ್ಪ ಎರಡು ತೊಟ್ಟಿಗಳಿಗೂ ಚೊಂಬಿನಲ್ಲಿ ಅಳೆದು ಹಂಚುತ್ತಿದ್ದ, ಹಿಂದೆ ಗದ್ದೆಗಳಿಗೆ ಹಂಚಿದಷ್ಟೇ ನಿಷ್ಠುರವಾಗಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನೆರಳಿಲ್ಲದ ಬಿಸಿಲು. ತಲೆಗೆ ಟವೆಲ್ಲು ಸುತ್ತಿಕೊಂಡು ಅವನೂ ಅಲ್ಲೇ. ಕಚೇರಿಯ ಫ್ಯಾನಿನ ಕೆಳಗೆ ಕೂತು ನಾನು ಅದನ್ನೇ ನೆನೆಯುತ್ತಿದ್ದೆ.

2017ರಲ್ಲಿ ಬ್ಯಾಟರಾಯನಪುರದ ಕಡೆಯಿಂದ ಒಬ್ಬರು ಮೇಡಂ ನನ್ನ ಮೇಜಿಗೆ ಅರ್ಜಿ ಬರೆಸಲು ಬಂದರು. ಯಾವುದೋ ಕಾಲೇಜಿನಲ್ಲಿ ಗಿಡಮರಗಳ ಪಾಠ ಮಾಡುವವರು. ನಾನು ಗಿಡದ ವಿಷಯ ತೆಗೆದೆ. ಆ ಭಾನುವಾರವೇ ನೋಡಲು ಬಂದುಬಿಟ್ಟರು. ಅವರಿಂದಲೇ ನಮಗೆ ಅದರ ಹೆಸರು, ಚೀಲಗಳ ಕೆಲಸ ಎಲ್ಲ ತಿಳಿದದ್ದು. ಭೂತಗನ್ನಡಿಯಲ್ಲಿ ಅಪ್ಪನಿಗೆ ಚೀಲದ ಬಾಗಿಲು ತೋರಿಸಿದರು. ಅಪ್ಪ ಬಹಳ ಹೊತ್ತು ನೋಡಿ, ಇದೂ ನಮ್ಮ ಕುಲದ್ದೇ, ತೂಬು ಎತ್ತಿ ಇಳಿಸುವುದೇ ಇದರ ಕೆಲಸ ಅಂದ. ಅವರು ನಕ್ಕರು. ಇದು ವರ್ಷಗಟ್ಟಲೆ ನಿಂತ ನೀರಿನಲ್ಲೇ ಬೆಳೆಯುವಂಥದ್ದು, ಎಲ್ಲಿಂದ ತಂದಿರಿ ಎಂದು ಕೇಳಿದರು. ನಾನು ಬಗ್ಗಿ ಡ್ರಮ್ಮಿನ ಪೈಪು ಸರಿಮಾಡತೊಡಗಿದೆ.

ಅಪ್ಪ ಅವರಿಗೊಂದು ವಿಚಿತ್ರ ತೋರಿಸುತ್ತೇನೆಂದು ಗಿಡದ ಒಂದು ಹಿಡಿಯನ್ನು ನೀರಿನಿಂದ ಮೆಲ್ಲಗೆ ಮೇಲೆತ್ತಿ ಹಿಡಿದ. ಎತ್ತಿದಾಗ ಚಿಟಿಚಿಟಿ ಅನ್ನುತ್ತೆ ಕೇಳಿ ತಾಯಿ ಅಂದ. ನಾನು ಬಗ್ಗಿದೆ, ನನಗೆ ಏನೂ ಕೇಳಿಸಲಿಲ್ಲ. ಮೇಡಂ ಗಿಡಕ್ಕೆ ಕಿವಿ ತಾಗುವಷ್ಟು ಹತ್ತಿರ ಬಂದು, ಉಸಿರು ಹಿಡಿದು, ಹೌದು ಅಂದರು. ನೀರಿನಿಂದ ತೆಗೆದಾಗ ಚೀಲಗಳ ಬಾಗಿಲು ತೆರೆದು ಗಾಳಿ ಎಳೆದುಕೊಳ್ಳುವ ಸದ್ದಂತೆ ಅದು. ಸದ್ದಿಲ್ಲದ ಕಡೆ, ಒಳ್ಳೆಯ ಕಿವಿಯಿದ್ದವರಿಗೆ ಮಾತ್ರ ಕೇಳುವಂಥದ್ದು.

"ನಿಮ್ಮ ಕಿವಿ ನಮ್ಮ ಹುಡುಗರಿಗೂ ಇಲ್ಲ, ಅಜ್ಜಾ," ಅಂದರು.

ನನ್ನ ಕಿವಿ ಕೆಟ್ಟು ವರ್ಷಗಳಾದವು ಎಂದು ಅಪ್ಪ ನಕ್ಕ. ಮೇಡಂ ನನ್ನ ಕಡೆ ತಿರುಗಿ ನೋಡಿದರು. ಅವರಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಆಶ್ಚರ್ಯದಿಂದ ನೋಡಿದ್ದು. ನಾನು ಮಜ್ಜಿಗೆ ತರುವ ನೆಪದಲ್ಲಿ ಕೆಳಗಿಳಿದೆ.

ಆ ವಾರವೆಲ್ಲ ನಾನು ಊಟ ಸರಿಯಾಗಿ ಮಾಡಲಿಲ್ಲ. ಒಬ್ಬ ಮನುಷ್ಯನ ಹೊಲ ಕಿತ್ತುಕೊಳ್ಳಬಹುದು, ಮನೆ ಕಿತ್ತುಕೊಳ್ಳಬಹುದು. ನಾನು ಅಪ್ಪನ ಕಿವಿಯನ್ನೇ ಅವನಿಂದ ಕಿತ್ತುಕೊಂಡಿದ್ದೆ. ಅವನು ಸಾಯುವುದರೊಳಗೆ ಅದನ್ನು ವಾಪಸ್ಸು ಕೊಡಬೇಕು, ಆಮೇಲೆ ಅವನು ನನ್ನ ಮುಖಕ್ಕೆ ಉಗಿಯಲಿ, ಮನೆ ಬಿಟ್ಟು ಹೋಗಲಿ, ಏನಾದರೂ ಆಗಲಿ ಎಂದು ನಿಶ್ಚಯಿಸಿದೆ. ಮುಂದಿನ ಭಾನುವಾರ, ಕಚೇರಿಯಿಂದ ತಂದು ಮುಚ್ಚಿಟ್ಟಿದ್ದ ಮಹಜರಿನ ನಕಲನ್ನು ಬೀರುವಿನಿಂದ ತೆಗೆದುಕೊಂಡು ತಾರಸಿಗೆ ಹೋದೆ. ಅಪ್ಪ ತೊಟ್ಟಿಯ ಪಕ್ಕ ಕೂತು ಎಳೆಪಾಚಿ ತೆಗೆಯುತ್ತಿದ್ದ.

ಕೂಗದೆ, ಮನುಷ್ಯರು ಮಾತಾಡುವ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಬರೆದದ್ದು ಒಂದು, ಓದಿದ್ದು ಒಂದು. ವಿಮಾನ ಹೋಗಿರಲಿಲ್ಲ. ನಿನ್ನ ಕಿವಿ ಆವತ್ತೂ ಸರಿಯಿತ್ತು, ಇವತ್ತೂ ಸರಿಯಿದೆ. ಮೋಸ ಮಾಡಿದವನು ನಾನು. ಹೇಳುತ್ತಾ ಅಳು ಬಂತು. ಅಪ್ಪ ಬೆರಳಿಗೆ ಸುತ್ತಿದ್ದ ಪಾಚಿಯನ್ನು ಬಿಡಿಸುವುದನ್ನು ನಿಲ್ಲಿಸಿ ಕೇಳಿದ. ಒಂದು ಮಾತೂ ಅವನಿಗೆ ತಪ್ಪಲಿಲ್ಲ, ನನಗೆ ಗೊತ್ತು.

"ನನ್ ಸಮಾಧಾನಕ್ಕೆ ಸುಳ್ಳೇಳ್ಬ್ಯಾಡ ಕಣಪ್ಪ," ಅಂದ. ಕಿವಿಯ ವಿಷಯ ಡಾಕ್ಟರೇ ಬರೆದುಕೊಟ್ಟಿದ್ದಾರಲ್ಲ, ಹೆಬ್ಬಾಳದಲ್ಲಿ ನಿಂತು ನೀನೇ ಓದಿ ಹೇಳಿದೆಯಲ್ಲ ಅಂದ.

ಅದೂ ಸುಳ್ಳೇ ಅಪ್ಪ ಅಂದೆ. ಆ ಚಿಟಿಚಿಟಿ ಸದ್ದು ನಿನಗೆ ಹೇಗೆ ಕೇಳಿಸುತ್ತದೆ, ನನಗೇ ಕೇಳುವುದಿಲ್ಲವಲ್ಲ ಅಂದೆ. ಅದು ಕಿವಿಗೆ ಕೇಳಿಸುವುದಲ್ಲ, ಹಿಡಿದ ಕೈಗೆ ತಿಳಿಯುವುದು ಅಂದ. ನನಗೆ ತಡೆಯಲಾಗಲಿಲ್ಲ. ನಕಲನ್ನು ಬಿಚ್ಚಿ, ಬೇಕಾದರೆ ನೋಡು ಎಂದು ಅವನ ಮುಂದೆ ಹಿಡಿದೆ. ಹಿಡಿದ ಮೇಲೆ ಹೊಳೆಯಿತು, ಯಾವ ಕಾಗದ ಹಿಡಿದರೂ ಅದನ್ನು ಅವನಿಗೆ ಓದಿ ಹೇಳಬೇಕಾದವನು ನಾನೇ.

ಓದಿದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ, ಅಕ್ಷರದ ಮೇಲೆ ಬೆರಳಿಟ್ಟು ಓದಿದೆ. ನೀರು ನಿಂತ ಕುರುಹು ಇರುವುದಿಲ್ಲ. ಜಲಸಸ್ಯಗಳು ಕಂಡುಬರುವುದಿಲ್ಲ. ತೂಬು ನಿರುಪಯುಕ್ತವಾಗಿರುತ್ತದೆ.

ಅಪ್ಪ ಕೊನೆಯವರೆಗೂ ಕೇಳಿ ತಲೆದೂಗಿದ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನ ಮೊಣಕಾಲ ಮೇಲೆ ಇಟ್ಟ.

"ಇದೇ ಕಣಪ್ಪ ನೀನ್ ಆವತ್ತೂ ಓದಿದ್ದು. ನಂಗೇ ಬ್ಯಾರೆ ಕೇಳಿಸ್ತು. ಅದುಕ್ಕೆ ನೀನ್ಯಾಕ್ ಅಳ್ತೀಯ?"

ಆಮೇಲೆ ನಾನು ಇನ್ನೂ ಎರಡು ಮೂರು ಸಲ ಪ್ರಯತ್ನಪಟ್ಟೆ. ಪ್ರತಿ ಸಲವೂ ಅವನು ನನ್ನನ್ನೇ ಸಮಾಧಾನ ಮಾಡಿದ. ಮಗನಿಗೆ ತನ್ನ ಮೇಲೆ ಎಷ್ಟು ಪ್ರೀತಿ, ಅಪ್ಪನ ತಪ್ಪನ್ನು ತಾನು ಹೊತ್ತುಕೊಳ್ಳಲು ನೋಡುತ್ತಾನೆ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡನಂತೆ. ಮರುವರ್ಷ ಮಳೆಗಾಲಕ್ಕೆ ಮುಂಚೆ ಅವನು ಹಾಸಿಗೆ ಹಿಡಿದ. ನೋಡಲು ಬಂದವರೆಲ್ಲ ಕಿವಿಯ ಹತ್ತಿರ ಬಗ್ಗಿ, ಹೇಗಿದ್ದೀಯಾ ಎಂದು ಕೂಗಿ ಕೇಳಿದರು. ಕೊನೆಯ ದಿನ ಗಂಗೋದಕ ಬಿಡುವಾಗ ನಾನು ಬಗ್ಗಿ ಮೆಲ್ಲಗೆ ಅಪ್ಪಾ ಅಂದೆ. ಕಣ್ಣು ತೆರೆದ, ನನ್ನ ತುಟಿಯನ್ನೇ ನೋಡಿದ, ಕೇಳಿಸಲಿಲ್ಲ ಎಂದು ಕೈ ಆಡಿಸಿದ. ಆಗ ನಾನು ಕೂಗಿ ಕರೆದೆ.